ಕಾಳಿಂಗಸರ್ಪದ ಜಾತಿನಿರ್ಣಯ

ಸುಶ್ರುತಸಂಹಿತೆಯ ಕಲ್ಪಸ್ಥಾನವು 80 ಬಗೆಯ ಸರ್ಪಗಳನ್ನು ದರ್ವೀಕರ, ಮಂಡಲಿ, ರಾಜಿಮಂತ, ನಿರ್ವಿಷ, ವೈಕರಂಜಗಳೆಂದು ವಿಂಗಡಿಸುತ್ತದೆ. ಹೆಡೆಯುಳ್ಳ ದರ್ವೀಕರಗಳೇ 26. ಈ ಸಂಖ್ಯೆಗಳನ್ನು ಇಂದಿನ ಪ್ರಾಣಿಶಾಸ್ತ್ರದ ಜಾತಿಗಳೊಡನೆ ಸರಿಗೂಡಿಸಹೊರಡುವ ಪಂಡಿತರುಂಟು. ಅದು ಯುಕ್ತವಲ್ಲವೆಂದು ನಮ್ಮ ಮತ. ಆಚಾರ್ಯನು ಹೆಡೆ, ಮಂಡಲ, ರೇಖೆಗಳನ್ನು ಗುರುತಾಗಿ ಹಿಡಿದುದು ಚಿಕಿತ್ಸಾರ್ಥವಾಗಿಯೇ ಹೊರತು ವಂಶನಿರ್ಣಯಕ್ಕಾಗಿಯಲ್ಲ.

ಹೊರಲಕ್ಷಣಮಾತ್ರದಿಂದ ವಂಶವು ತಿಳಿಯದೆಂಬುದಕ್ಕೆ ಕಾಳಿಂಗವೇ ನಿದರ್ಶನ. 1836ರಲ್ಲಿ ಕ್ಯಾಂಟರನು ಬಂಗಾಳದ ಕಾಳಿಂಗಕ್ಕೆ ‘ಹನ್ನಾ’ ಎಂದು ಹೆಸರಿಟ್ಟನು. ಮರುವರ್ಷವೇ ಶ್ಲೇಗೆಲನು ‘ಬುಂಗಾರಸ್’ ಎಂಬ ನಾಮವನ್ನು ಕೊಟ್ಟನು. ತರುವಾಯದವರು ಎರಡನ್ನೂ ಒಂದೇ ಜಾತಿಯೊಳಗಡಗಿಸಿ, ಬಣ್ಣದ ಅಂತರವನ್ನು ಕೇವಲ ದೇಶಭೇದವೆಂದೆಣಿಸಿದರು. 2021ರಲ್ಲಿ ವಂಶವಾಹಿಗಳ ಪರೀಕ್ಷೆಯಿಂದ ನಾಲ್ಕು ಕವಲುಗಳು ತೋರಿದುವು. ಪಟ್ಟೆ, ಹಲ್ಲು ಮೊದಲಾದ ಅಂಗಲಕ್ಷಣಗಳೂ ಅದಕ್ಕೆ ಒಪ್ಪಲು, ಇವು ಉಪಜಾತಿಗಳಲ್ಲ, ಪ್ರತ್ಯೇಕ ಜಾತಿಗಳೇ ಎಂದು 2024ರಲ್ಲಿ ಇಂದ್ರನೀಲ್ ದಾಸ್, ಗೌರಿಶಂಕರ್ ಮೊದಲಾದವರು ಪ್ರತಿಪಾದಿಸಿದರು.

ಸಹ್ಯಾದ್ರಿಯ ಹಾವಿನ ತಿಳಿಬಣ್ಣದ ಪಟ್ಟೆಗಳಿಗೆ, ‘ಹನ್ನಾ’ಕ್ಕಿರುವಂತೆ, ಕರಿಯ ಅಂಚಿಲ್ಲ. ಅದಕ್ಕೆ ನಮ್ಮ ‘ಕಾಳಿಂಗ’ ಶಬ್ದವೇ ಶಾಸ್ತ್ರನಾಮವಾಯಿತು. (ಕಾಳಿಯಮರ್ದನನನ್ನು ಕಾಳಿಂಗಮರ್ದನನೆನ್ನುವ ನುಡಿಗೆ ಇದು ಸಂದ ಗೌರವವೇ ಸರಿ.) ಆದರೆ ಭಾರತದಲ್ಲಿ ಬಳಕೆಯಲ್ಲಿರುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷದಿಂದ ಸಿದ್ಧವಾಗತಕ್ಕದ್ದು, ಕಾಳಿಂಗದ ವಿಷವು ಅದರಲ್ಲಿ ಸೇರಿಲ್ಲ. ಇನ್ನು ಮುಂದೆ ಅದನ್ನು ಸಿದ್ಧಪಡಿಸುವವರು ಯಾವ ಕಾಳಿಂಗದ ವಿಷವೆಂಬುದನ್ನು ಮೊದಲು ವಿಚಾರಿಸಬೇಕಾಗಿದೆ.