ದೋಷವರದಿಗಳ ಕೊಂಡಿಗಳು

ತಂತ್ರಾಂಶದ ದೋಷಗಳನ್ನು ದಾಖಲಿಸುವ ಬಗ್ ಟ್ರ್ಯಾಕರ್‌ನಲ್ಲಿ ಪ್ರತಿ ವರದಿಗೂ ಒಂದು ಸಂಖ್ಯೆ ಇರುತ್ತದೆ. ಒಂದು ವರದಿಗೂ ಇನ್ನೊಂದಕ್ಕೂ ಇರುವ ನಂಟು ಯಾವ ಬಗೆಯದೆಂದು ತೋರಿಸುವ ಜೋಡಣೆಯೇ ಕೊಂಡಿ, ಅಂದರೆ ಇಶ್ಯೂ ಲಿಂಕ್.

ಮೊಜಿಲ್ಲಾ ಯೋಜನೆ 1998ರಲ್ಲಿ ಹೊರತಂದ ಬಗ್‌ಜಿಲ್ಲಾದಲ್ಲಿ ಮುಖ್ಯ ನಂಟುಗಳು ಮೂರು: ಒಂದು ವರದಿ ಇನ್ನೊಂದನ್ನು ಅವಲಂಬಿಸಿದೆ, ಒಂದು ಇನ್ನೊಂದರ ನಕಲು, ಮತ್ತು ‘ಇದನ್ನೂ ನೋಡಿ’. ಅವಲಂಬನೆಗೆ ದಿಕ್ಕಿದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂತೆ ಎರಡು ವರದಿಗಳನ್ನು ಸುತ್ತುಹಾಕಿ ಕಟ್ಟಲು ಹೋದರೆ ಬಗ್‌ಜಿಲ್ಲಾ ಒಪ್ಪುವುದಿಲ್ಲ. ನಕಲೆಂದು ಗುರುತಿಸಿದರೆ ಆ ವರದಿ ಮುಚ್ಚುತ್ತದೆ. ಅದನ್ನು ಬರೆದವರ ಹೆಸರು ಮೂಲ ವರದಿಯ ಪ್ರತಿ ಕಳುಹಿಸುವವರ ಪಟ್ಟಿಗೆ ಸೇರುತ್ತದೆ. ‘ಇದನ್ನೂ ನೋಡಿ’ ಮಾತ್ರ ಸೋಮಾರಿಗಳ ಆಯ್ಕೆ. ನಂಟಿದೆ ಎನ್ನುತ್ತದೆಯೇ ಹೊರತು ಏನು ನಂಟೆಂದು ಹೇಳದು.

ಕನ್ನಡ ಲಿಪಿಯ ದೋಷಗಳಲ್ಲಿ ಸರಿಯಾದ ಕೊಂಡಿಯ ಬೆಲೆ ಎದ್ದು ಕಾಣುತ್ತದೆ. ‘ಸೂರ್ಯ’ದಲ್ಲಿ ರಕಾರ ಅರ್ಕಾವತ್ತಾಗಿ ಯಕಾರದ ಬಲಕ್ಕೆ ಬರುತ್ತದೆ, ‘ರ‍್ಯಾಂಕ್’ನಲ್ಲಿ ರಕಾರ ಇಡಿಯಾಗಿ ನಿಂತು ಯಕಾರ ಒತ್ತಾಗಬೇಕು. ಅದಕ್ಕೆ ರ ಮತ್ತು ಹಲಂತ ಚಿಹ್ನೆಯ (್) ನಡುವೆ ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯ್ನರ್ ಇಡುವುದು ಯೂನಿಕೋಡ್ ಕ್ರಮ. ಹಳೆಯ ಪಠ್ಯಗಳಲ್ಲಿ ಅದು ಹಲಂತ ಚಿಹ್ನೆಯ ನಂತರ ಬಂದಿರುವುದೂ ಉಂಟು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್‌ಗಳಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಝ್ ಎರಡೂ ಕ್ರಮಗಳನ್ನು ಒಂದೇ ಎಂದು ಪರಿಗಣಿಸುತ್ತದೆ. ಏಕೆಂದು ಕೇಳುವವರಿಗಾಗಿ ಅದರ ಸಂಕೇತದೊಳಗಿನ (ಸೋರ್ಸ್ ಕೋಡ್) ಟಿಪ್ಪಣಿ ಅದರದೇ ಟ್ರ್ಯಾಕರ್‌ನ 435ನೇ ವರದಿಯತ್ತ ಬೆರಳು ತೋರುತ್ತದೆ. ಟ್ರ್ಯಾಕರ್ ದಾಟಿ ಸಂಕೇತದೊಳಗೇ ಕೂತ ಕೊಂಡಿ ಇದು. ಆ ಸಾಲನ್ನು ಮುಂದೆ ತಿದ್ದಲು ಬಂದವರು ಕಾರಣ ಹುಡುಕಿ ಅಲೆಯಬೇಕಿಲ್ಲ.

ಹುಮನಾಬಾದ್ ಸೀಮೆಯ ಘಾಟಬೋರಾಳವನ್ನು ‘ಘಾಟ್‌ಬೋರಾಳ’ ಎಂದು ಬರೆಯಹೊರಟರೆ ಇನ್ನೊಂದು ಕಾಣದ ಚಿಹ್ನೆ ಬೇಕು, ಜೀರೋ ವಿಡ್ತ್ ನಾನ್‌ಜಾಯ್ನರ್. ಅದಿಲ್ಲದಿದ್ದರೆ ಬಕಾರ ಒತ್ತಾಗಿ ‘ಘಾಟ್ಬೋರಾಳ’ ಆಗುತ್ತದೆ. ಕೀಲಿಮಣೆಯಲ್ಲಿ ಆ ಚಿಹ್ನೆ ಸಿಗದಿರುವುದು ಒಂದು ದೋಷ, ಹುಡುಕಾಟ ಅದನ್ನು ಅಕ್ಷರವೆಂದೇ ಎಣಿಸಿ ಊರನ್ನು ತಪ್ಪಿಸುವುದು ಇನ್ನೊಂದು. ಎರಡರ ವರದಿಯಲ್ಲೂ ಬರುವ ಊರು ಒಂದೇ, ಚಿಹ್ನೆಯೂ ಒಂದೇ. ಅಷ್ಟಕ್ಕೇ ಒಂದನ್ನು ಇನ್ನೊಂದರ ನಕಲೆಂದು ಮುಚ್ಚಿದರೆ ಕೀಲಿಮಣೆ ಸರಿಯಾದ ದಿನ ಹುಡುಕಾಟದ ದೋಷವೂ ಲೆಕ್ಕದಿಂದ ಮಾಯವಾಗುತ್ತದೆ, ಊರು ಮಾತ್ರ ಸಿಗುವುದಿಲ್ಲ. ಇಂಥಲ್ಲಿ ಒಂದು ಮೇಲ್ವರದಿ ತೆರೆದು ಎರಡನ್ನೂ ಅದರಡಿ ಉಪವರದಿಗಳಾಗಿ ಕಟ್ಟುವುದೇ ಲೇಸು.

ಟ್ರ್ಯಾಕರನ್ನೇ ಬದಲಿಸಿದಾಗ ಹಳೆಯ ಕೊಂಡಿಗಳ ಗತಿ? ಕನ್ನಡ ವಿಕಿಪೀಡಿಯವನ್ನೂ ನಡೆಸುವ ವಿಕಿಮೀಡಿಯಾ 2014ರಲ್ಲಿ ಬಗ್‌ಜಿಲ್ಲಾ ಬಿಟ್ಟು ಫ್ಯಾಬ್ರಿಕೇಟರ್‌ಗೆ ಹೋದಾಗ ಹಳೆಯ ಸಂಖ್ಯೆಗೆ 2000 ಕೂಡಿಸಿ ಹೊಸ ಸಂಖ್ಯೆ ಕೊಟ್ಟಿತು. ಹೀಗೆ ಬಗ್‌ಜಿಲ್ಲಾದ 1000ನೇ ವರದಿ ಅಲ್ಲಿ ಟಿ3000 ಆಗಿದೆ.