ವೃದ್ಧಿಯ ಪ್ರಮಾಣ: ಕಲ್ಯಾಣ, ಇಂಗ್ಲೆಂಡು, ಹೈದರಾಬಾದು

ಇಂಗ್ಲೆಂಡಿನಲ್ಲಿ ಬಡ್ಡಿಯು ಅಲ್ಪ, ಹಿಂದೂದೇಶದಲ್ಲಿ ಅಧಿಕವೆಂಬ ಮಾತು ಬಹುಕಾಲದಿಂದ ರೂಢವಾಗಿದೆ. ಈ ಭೇದವು ದೇಶದಿಂದ ಬಂದುದೋ, ಸಾಲದ ಸ್ವರೂಪದಿಂದ ಬಂದುದೋ ಎಂಬುದು ವಿಚಾರಾರ್ಹ. ಇದಕ್ಕೆ ಬೀದರ ಸೀಮೆಯ ಇತಿಹಾಸವು ಉತ್ತಮವಾದ ಸಾಧನವಾಗಿದೆ.

ಕನ್ನಡದ ‘ಬಡ್ಡಿ’ಯು ಸಂಸ್ಕೃತದ ‘ವೃದ್ಧಿ’ಶಬ್ದದ ತದ್ಭವ. ಅದರ ಪ್ರಮಾಣವನ್ನು ಯಾಜ್ಞವಲ್ಕ್ಯಸ್ಮೃತಿಯು ವ್ಯವಹಾರಾಧ್ಯಾಯದಲ್ಲಿ ವಿಧಿಸುತ್ತದೆ. ಈ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದನು. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಸ್ಮೃತಿಯ ಪ್ರಕಾರ ಅಡವಿದ್ದ ಸಾಲಕ್ಕೆ ತಿಂಗಳಿಗೆ ಮೂಲಧನದ ಎಂಬತ್ತನೆಯ ಒಂದು ಭಾಗ, ಎಂದರೆ ವರ್ಷಕ್ಕೆ ನೂರಕ್ಕೆ 15. ಅಡವಿಲ್ಲದಿದ್ದರೆ ವರ್ಣಕ್ರಮದಿಂದ ತಿಂಗಳಿಗೆ ನೂರಕ್ಕೆ 2, 3, 4, 5. ಕಾಡುದಾರಿಯ ವರ್ತಕರಿಗೆ 10, ಸಮುದ್ರಯಾನದವರಿಗೆ 20. ವರ್ಣಭೇದವು ಆ ಕಾಲದ ಸಮಾಜಸ್ಥಿತಿಯನ್ನು ತೋರಿಸುವುದು. ಉಳಿದ ಭೇದಗಳಿಗೆಲ್ಲ ಧನನಾಶದ ಭಯವೇ ಕಾರಣ. ಹಿರಣ್ಯದ ಸಾಲವು ಬೆಳೆದು ಇಮ್ಮಡಿಯನ್ನು ಮೀರಕೂಡದೆಂಬ ನಿಯಮವೂ ಉಂಟು.

ವಿಜ್ಞಾನೇಶ್ವರನ ಕಾಲದಲ್ಲಿ ಯೂರೋಪಿನ ಕ್ರೈಸ್ತಧರ್ಮಶಾಸನವು ಬಡ್ಡಿಯನ್ನೇ ನಿಷೇಧಿಸಿತ್ತು. ಇಂಗ್ಲೆಂಡಿನ ಶಾಸನವು 1545ರಲ್ಲಿ ವರ್ಷಕ್ಕೆ ನೂರಕ್ಕೆ 10ರವರೆಗೆ ಬಡ್ಡಿಯನ್ನು ಅನುಮತಿಸಿತು. 1552ರಲ್ಲಿ ರದ್ದಾದ ಆ ಅನುಮತಿಯು 1571ರಲ್ಲಿ ಪುನಃ ದೊರೆಯಿತು. ಮೇರೆಯು 1624ರಲ್ಲಿ 8ಕ್ಕೂ, ಮುಂದೆ 6ಕ್ಕೂ, 1714ರಲ್ಲಿ 5ಕ್ಕೂ ಇಳಿಯಿತು. 1854ರಲ್ಲಿ ಈ ಶಾಸನಗಳೇ ರದ್ದಾದುವು.

ಹೀಗೆ ಸ್ವದೇಶದಲ್ಲಿ 5ಕ್ಕೆ ಕಟ್ಟುಬಿದ್ದಿದ್ದ ಆಂಗ್ಲಪ್ರಜೆಗೆ ಹಿಂದೂದೇಶದಲ್ಲಿ 12ರವರೆಗೆ ಬಡ್ಡಿ ಪಡೆಯಲು 1773ರ ಶಾಸನವು ಅವಕಾಶವಿತ್ತಿತು. ದೇಶೀಯ ಅರಸರಿಗೆ ಸಾಲ ಕೊಡಲು ಸರಕಾರದ ಸಮ್ಮತಿಯು ಬೇಕೆಂದು 1797ರ ಶಾಸನವು ವಿಧಿಸಿತು. 1814ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ವಿಲಿಯಮ್ ಪಾಮರ್ ಕಂಪನಿಯು 1816ರಲ್ಲಿ ಆ ಸಮ್ಮತಿಯನ್ನು ಪಡೆದು, ನಿಜಾಮರ ಸರಕಾರಕ್ಕೆ ನೂರಕ್ಕೆ 24ರ ಬಡ್ಡಿಯಿಂದ ಸಾಲವಿತ್ತಿತು. ನಿಜಾಮರ ರಾಜ್ಯವು ಕಂಪನಿಸರಕಾರದ ಸೀಮೆಯ ಹೊರಗಿರುವುದರಿಂದ 12ರ ಮೇರೆಯು ಅಲ್ಲಿಗೆ ಸಲ್ಲದೆಂದು ವಾದಿಸಲಾಯಿತು. 1820ರಲ್ಲಿ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್‌ಕಾಫನು, ಸರಕಾರದ ಹೊಣೆಯ ಮೇಲೆ ಕಲಕತ್ತೆಯಲ್ಲಿ ನೂರಕ್ಕೆ 6ರಂತೆ ಸಾಲವೆತ್ತಿ ಈ ಋಣವನ್ನು ತೀರಿಸಬೇಕೆಂದು ಸೂಚಿಸಿದನು. ಕಡೆಗೆ 1823ರಲ್ಲಿ ಉತ್ತರ ಸರ್ಕಾರುಗಳಿಗಾಗಿ ನಿಜಾಮರಿಗೆ ವರ್ಷವರ್ಷವೂ ಸಲ್ಲುತ್ತಿದ್ದ ಏಳು ಲಕ್ಷದ ಪೇಷ್ಕಷನ್ನು ಇಡಿಗಂಟಾಗಿ ಪರಿವರ್ತಿಸಿ ಸಾಲವನ್ನು ತೀರಿಸಲಾಯಿತು.

ವರ್ಷಕ್ಕೆ 24 ಎಂದರೆ ತಿಂಗಳಿಗೆ 2. ಎಂದರೆ ಸ್ಮೃತಿಯು ಅಡವಿಲ್ಲದ ಸಾಲಕ್ಕೆ ಹೇಳಿದ ಮೊದಲನೆಯ ಪ್ರಮಾಣ. ಆದರೆ ಪಾಮರ್ ಕಂಪನಿಯ ಸಾಲಕ್ಕೆ ನಿಜಾಮರ ಜಿಲ್ಲೆಗಳ ಕಂದಾಯವೇ ಆಧಾರವಾಗಿತ್ತು. ಸ್ಮೃತಿನ್ಯಾಯದಂತೆ ಅದು 15ನ್ನು ಮೀರತಕ್ಕದ್ದಲ್ಲ. ಅಡವನ್ನು ಹಿಡಿದುಕೊಂಡು ಅಡವಿಲ್ಲದ ಬಡ್ಡಿಯನ್ನು ಕೇಳಿದುದೇ ಇಲ್ಲಿಯ ಅನ್ಯಾಯ. ಅದರ ಭಾರವು ಕಡೆಗೆ ಕಂದಾಯ ಕೊಡುವ ರೈತನ ಮೇಲೆಯೇ ಬೀಳುವಂಥದು.

ಆದುದರಿಂದ ಎರಡು ದೇಶಗಳ ಬಡ್ಡಿಯನ್ನು ಹೋಲಿಸುವವರು ಅಂಕಿಗಳ ಜೊತೆಗೆ ಆಧಿ, ಭಯ, ಹೊಣೆಗಾರಿಕೆಗಳನ್ನೂ ತೂಗಿ ನೋಡಬೇಕು. ಒಂದೇ ರಾಜ್ಯದ ಒಂದೇ ಋಣಕ್ಕೆ ಹೈದರಾಬಾದಿನಲ್ಲಿ 24, ಕಲಕತ್ತೆಯಲ್ಲಿ 6 ಎಂದಾದಾಗ, ವ್ಯತ್ಯಾಸವು ದೇಶದ ಗುಣವಲ್ಲ, ಹೊಣೆ ಹೊರುವವರ ಗುಣವೆಂಬುದು ಸ್ಪಷ್ಟವಾಗುತ್ತದೆ.