ಗಣಿಯವನ ಮಗಳು

ಗ್ರ್ಯಾಂಡ್ ಓಲ್ ಓಪ್ರಿ ಎಂದರೆ ಅಮೆರಿಕದ ಕಂಟ್ರಿ ಸಂಗೀತಗಾರರಿಗೆ ದೇವಸ್ಥಾನವಿದ್ದ ಹಾಗೆ. 1925ರ ನವೆಂಬರಿನಲ್ಲಿ ನ್ಯಾಶ್‌ವಿಲ್‌ನ ಡಬ್ಲ್ಯುಎಸ್ಎಂ ರೇಡಿಯೊ ಶುರುಮಾಡಿದ ಈ ಶನಿವಾರದ ಕಾರ್ಯಕ್ರಮದಲ್ಲಿ ಮೊದಮೊದಲು ನುಡಿಸಿದವರಲ್ಲಿ ಹಂಫ್ರಿ ಬೇಟ್ ಎಂಬ ಡಾಕ್ಟರೂ ಒಬ್ಬ. ಅವನ ತಂಡದ ಆರಂಭದ ಫೋಟೊಗಳಲ್ಲಿ ಎಲ್ಲರೂ ಕೋಟು, ಟೈ ಹಾಕಿಕೊಂಡು ಗಂಭೀರವಾಗಿ ಕೂತಿದ್ದಾರೆ. ಕಾರ್ಯಕ್ರಮ ನಡೆಸುತ್ತಿದ್ದ ಜಾರ್ಜ್ ಹೇ ಎಂಬವನಿಗೆ ಇದು ರುಚಿಸಲಿಲ್ಲ. ತಂಡಕ್ಕೆ 'ಪಾಸಮ್ ಹಂಟರ್ಸ್' ಎಂದು ಕಾಡುಬೇಟೆಯ ಹೆಸರಿಟ್ಟ. ಮುಂದಿನ ಫೋಟೊಗಳಲ್ಲಿ ಅದೇ ಸಂಗೀತಗಾರರು ರೈತರ ಓವರಾಲ್ ತೊಟ್ಟು ನಿಂತರು. ಕೇಳುಗರಿಗೆ ಹಾಡಿನ ಜೊತೆ ಹಾಡುವವನ ಹಳ್ಳಿಯೂ ಬೇಕು ಎಂಬುದು ಅವನಿಗೆ ಗೊತ್ತಿತ್ತು. ಈ ಕಸುಬಿನಲ್ಲಿ ಬಡತನ ಅಂದಿನಿಂದಲೂ ಅರ್ಧ ಬದುಕು, ಅರ್ಧ ಬಂಡವಾಳ.

ವೇಷದ ಅಗತ್ಯವೇ ಇಲ್ಲದೆ ಬಂದವಳು ಲೊರೆಟ್ಟಾ ಲಿನ್. 1932ರ ಏಪ್ರಿಲ್ 14ರಂದು ಕೆಂಟಕಿ ರಾಜ್ಯದ ಪೂರ್ವದಂಚಿನ ಬುಚರ್ ಹಾಲೋ ಎಂಬ ಕಿರುಕಣಿವೆಯಲ್ಲಿ ಹುಟ್ಟಿದಳು. ಎಂಟು ಮಕ್ಕಳಲ್ಲಿ ಎರಡನೆಯವಳು. ಅಪ್ಪ ಟೆಡ್ ವೆಬ್ ಪಕ್ಕದ ವ್ಯಾನ್ ಲಿಯರ್‌ನಲ್ಲಿ ಕಲ್ಲಿದ್ದಲು ಅಗೆಯುತ್ತಿದ್ದ. ವ್ಯಾನ್ ಲಿಯರ್ ತಾನಾಗಿ ಬೆಳೆದ ಊರಲ್ಲ, ಕನ್ಸಾಲಿಡೇಶನ್ ಕೋಲ್ ಕಂಪನಿ ಕಟ್ಟಿದ್ದು. ಊರಿನ ಹೆಸರು ಕೂಡ ಕಂಪನಿಯ ನಿರ್ದೇಶಕನೊಬ್ಬನದು. ಅಂಥ ಊರುಗಳಲ್ಲಿ ಮನೆ ಕಂಪನಿಯದು, ಅಂಗಡಿಯೂ ಕಂಪನಿಯದು. ಕೂಲಿಯನ್ನೂ ಎಷ್ಟೋ ಸಲ ಆ ಅಂಗಡಿಯಲ್ಲಿ ಮಾತ್ರ ನಡೆಯುವ ಬಿಲ್ಲೆಗಳಲ್ಲಿ ಕೊಡುತ್ತಿದ್ದರು. ವಾರವಿಡೀ ನೆಲದಡಿ ದುಡಿದವನು ವಾರದ ಕೊನೆಗೆ ಅದೇ ಕಂಪನಿಗೆ ಸಾಲಗಾರ.

ಬೆಟ್ಟಗಳ ಆ ಸೀಮೆಯಲ್ಲಿ ಹಾಡು ಮಾತ್ರ ಪುಕ್ಕಟೆ. ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡಿನಿಂದ ವಲಸೆ ಬಂದವರು ತಂದ ಕಥನಗೀತೆಗಳು ಅಲ್ಲಿ ತಲೆಮಾರುಗಳ ಕಾಲ ಬಾಯಿಂದ ಬಾಯಿಗೆ ಉಳಿದಿದ್ದವು. ಅವಕ್ಕೆ ಆಫ್ರಿಕನ್ ಮೂಲದ ಬ್ಯಾಂಜೊ ಜೊತೆಗೂಡಿತು, ಆಮೇಲೆ ಗಿಟಾರ್ ಬಂತು. 1927ರಲ್ಲಿ ಟೆನೆಸೀ–ವರ್ಜೀನಿಯಾ ಗಡಿಯ ಬ್ರಿಸ್ಟಲ್‌ಗೆ ರಾಲ್ಫ್ ಪಿಯರ್ ಎಂಬಾತ ವಿಕ್ಟರ್ ಕಂಪನಿಯ ಯಂತ್ರ ಹೊತ್ತುಕೊಂಡು ಬಂದು, ಕಾರ್ಟರ್ ಕುಟುಂಬದ ಮತ್ತು ರೈಲ್ವೆ ಕೆಲಸಗಾರನಾಗಿದ್ದ ಜಿಮ್ಮಿ ರಾಜರ್ಸ್‌ನ ಹಾಡು ಹಿಡಿದುಕೊಂಡು ಹೋದ. ಅಲ್ಲಿಗೆ ಜಗಲಿಯ ಹಾಡು ಪೇಟೆಯ ಸರಕಾಯಿತು. ಲೊರೆಟ್ಟಾ ಬೆಳೆಯುವ ಹೊತ್ತಿಗೆ ವೆಬ್ ಮನೆಗೂ ಬ್ಯಾಟರಿ ರೇಡಿಯೊ ಬಂದಿತ್ತು. ಶನಿವಾರ ರಾತ್ರಿ ಎಲ್ಲರೂ ಅದರ ಮುಂದೆ.

1948ರ ಜನವರಿಯಲ್ಲಿ, ಸೈನ್ಯದಿಂದ ಮರಳಿದ್ದ ಆಲಿವರ್ ಲಿನ್ ಎಂಬವನೊಂದಿಗೆ ಮದುವೆ. ಊರೆಲ್ಲ ಅವನನ್ನು ಕರೆಯುತ್ತಿದ್ದದ್ದು ಡೂಲಿಟಲ್ ಎಂದು. ದಂಪತಿ ದೇಶದ ಇನ್ನೊಂದು ತುದಿಗೆ, ವಾಷಿಂಗ್ಟನ್ ರಾಜ್ಯದ ಕಸ್ಟರ್‌ಗೆ ಹೋದರು. ಗಂಡ ಮರದ ದಿಮ್ಮಿ ಕಡಿಯುವ ಕೆಲಸಕ್ಕೆ, ಹೆಂಡತಿ ಸಾಲುಸಾಲಾಗಿ ಬಂದ ಮಕ್ಕಳಿಗೆ. ಈ ಡೂಲಿಟಲ್ ವಿಚಿತ್ರ ಆಸಾಮಿ. ಕುಡಿಯುತ್ತಿದ್ದ, ಬೇರೆ ಹೆಂಗಸರ ಸಹವಾಸವೂ ಇತ್ತು. ಮಕ್ಕಳನ್ನು ತೂಗುವಾಗ ಹೆಂಡತಿ ಗುನುಗುವುದನ್ನು ಕೇಳಿ 'ಇದು ಜನ ಕೇಳಬೇಕಾದ ದನಿ' ಎಂದು ಮೊದಲು ಅರಿತವನೂ ಅವನೇ. ಹದಿನೇಳು ಡಾಲರಿನ ಹಾರ್ಮನಿ ಗಿಟಾರ್ ತಂದುಕೊಟ್ಟ. ಆಕೆ ತಾನೇ ನುಡಿಸುತ್ತ ಕಲಿತಳು. ತನ್ನ ಹಾಡುಗಳಿಗೆ ಬೇಕಾದ ಖಳನಾಯಕನನ್ನೂ ಅದೇ ಮನೆಯಲ್ಲಿ ಪಡೆದಳು.

ಅಪ್ಪ 1959ರಲ್ಲಿ ತೀರಿಕೊಂಡ. ವಯಸ್ಸು ಕೇವಲ 52. ಇದ್ದಲ ದೂಳು ಶ್ವಾಸಕೋಶವನ್ನು ತಿಂದುಹಾಕಿತ್ತು. ಮಗಳ ಮೊದಲ ರೆಕಾರ್ಡು 'ಐ ಆಮ್ ಎ ಹಾಂಕಿ ಟಾಂಕ್ ಗರ್ಲ್' ಬಂದದ್ದು ಮರುವರ್ಷ, ಜೀರೊ ಎಂಬ ಹೆಸರಿನ ಪುಟ್ಟ ಕಂಪನಿಯಿಂದ. ಪ್ರಚಾರಕ್ಕೆ ಹಣವಿರಲಿಲ್ಲ. ಗಂಡ–ಹೆಂಡತಿ ಕಾರಿನಲ್ಲಿ ರೆಕಾರ್ಡುಗಳ ಕಟ್ಟು ತುಂಬಿಕೊಂಡು ಹೊರಟರು. ದಾರಿಯಲ್ಲಿ ರೇಡಿಯೊ ಕೇಂದ್ರದ ಗೋಪುರ ಕಂಡಲ್ಲೆಲ್ಲ ನಿಲ್ಲುವುದು, ಒಳಗೆ ಹೋಗಿ ಹಾಡು ಹಾಕಿಸಲು ಕೇಳಿಕೊಳ್ಳುವುದು, ರಾತ್ರಿ ಕಾರಿನಲ್ಲೇ ಮಲಗುವುದು. ಹಾಡು ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ 14ನೇ ಸ್ಥಾನಕ್ಕೇರಿತು. 1960ರ ಅಕ್ಟೋಬರಿನಲ್ಲಿ ಲೊರೆಟ್ಟಾ ಓಪ್ರಿಯ ವೇದಿಕೆ ಹತ್ತಿದಳು.

ನ್ಯಾಶ್‌ವಿಲ್‌ನಲ್ಲಿ ಡೆಕಾ ಕಂಪನಿಯ ಓವೆನ್ ಬ್ರ್ಯಾಡ್ಲಿ ಆಕೆಯ ನಿರ್ಮಾಪಕನಾದ. ಗಾಯಕಿ ಪ್ಯಾಟ್ಸಿ ಕ್ಲೈನ್ ಅಕ್ಕನಂತೆ ಕೈಹಿಡಿದಳು. 1963ರ ಮಾರ್ಚಿನಲ್ಲಿ ವಿಮಾನ ಅಪಘಾತ ಆ ಗೆಳತಿಯನ್ನು ಕಸಿದುಕೊಂಡಿತು. ಮರುವರ್ಷ ಹುಟ್ಟಿದ ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಲೊರೆಟ್ಟಾ ಪ್ಯಾಟ್ಸಿ ಎಂದೇ ಹೆಸರಿಟ್ಟಳು.

ಆವರೆಗಿನ ಕಂಟ್ರಿ ಹಾಡುಗಳಲ್ಲಿ ಹೆಂಡದಂಗಡಿಯ ದುಃಖ ಹೆಚ್ಚಾಗಿ ಗಂಡಸಿನದು. ಹೆಂಗಸು ಕಾಯುವವಳು, ಕ್ಷಮಿಸುವವಳು, ಇಲ್ಲವೇ ಮೋಸ ಮಾಡಿದವಳು. ಗಾಯಕಿ ಕಿಟ್ಟಿ ವೆಲ್ಸ್ 1952ರಲ್ಲೇ ಇದಕ್ಕೆ ಎದುರುತ್ತರ ಕೊಟ್ಟಿದ್ದಳು. ಲೊರೆಟ್ಟಾಳದು ಇನ್ನೂ ಜೋರು ಬಾಯಿ. ಕುಡಿದು ಬಂದ ಗಂಡನಿಗೆ ಬಾಗಿಲಲ್ಲೇ ಗದರುವ ಹೆಂಡತಿಯ ಹಾಡು 1967ರಲ್ಲಿ ಆಕೆಯ ಮೊದಲ ನಂಬರ್ ಒನ್ ಆಯಿತು. ಗಂಡನ ಹಿಂದೆ ಬಿದ್ದವಳಿಗೆ ಮುಷ್ಟಿ ತೋರಿಸುವ ಹಾಡು, ವಿಯೆಟ್ನಾಂ ಯುದ್ಧಕ್ಕೆ ಗಂಡನನ್ನು ಕಳಿಸಿದವಳ ಹಾಡು, ವಿಚ್ಛೇದಿತೆಯನ್ನು ಊರು ನೋಡುವ ನೋಟದ ಹಾಡು ಒಂದರ ಹಿಂದೊಂದು ಬಂದವು. ಎಲ್ಲವೂ ನಡುಮನೆಯ ಜಗಳದ ಭಾಷೆಯಲ್ಲಿ. ಸ್ತ್ರೀವಾದಿ ಎಂಬ ಹಣೆಪಟ್ಟಿ ಆಕೆಗೆ ಬೇಕಿರಲಿಲ್ಲ. ಬಹುಶಃ ಅದಕ್ಕೇ ಹಳ್ಳಿಗಾಡಿನ ಹೆಂಗಸರು ಆಕೆಯನ್ನು ಅಷ್ಟು ನಂಬಿದರು.

ಎಲ್ಲಕ್ಕಿಂತ ಹೆಚ್ಚು ಗದ್ದಲ ಎಬ್ಬಿಸಿದ್ದು 'ದ ಪಿಲ್'. ಗರ್ಭನಿರೋಧಕ ಮಾತ್ರೆ ಸಿಕ್ಕಿದ ಹೆಂಡತಿ ಇನ್ನು ವರ್ಷಕ್ಕೊಂದು ಹೆರುವುದಿಲ್ಲ ಎಂದು ಗಂಡನಿಗೆ ಸಾರುವ ಹಾಡು. 1972ರಲ್ಲಿ ಧ್ವನಿಮುದ್ರಣವಾಗಿದ್ದರೂ 1975ರವರೆಗೆ ಬಿಡುಗಡೆಯಾಗಲಿಲ್ಲ. ಹಲವು ರೇಡಿಯೊ ಕೇಂದ್ರಗಳು ಹಾಕಲು ಒಪ್ಪಲಿಲ್ಲ, ಪಾದ್ರಿಗಳು ಸಿಡಿಮಿಡಿಗೊಂಡರು. ಆದರೂ ಅದು ಕಂಟ್ರಿ ಪಟ್ಟಿಯಲ್ಲಿ 5ನೇ ಸ್ಥಾನ ಮುಟ್ಟಿತು. ಗಂಡಸರು ಕುಡಿತ, ಹಾದರಗಳನ್ನು ಹಾಡಿದಾಗ ತಕರಾರಿಲ್ಲದ ಕೇಂದ್ರಗಳಿಗೆ ಒಂದು ಮಾತ್ರೆ ಗಂಟಲಲ್ಲಿ ಸಿಕ್ಕಿಕೊಂಡದ್ದು ತಮಾಷೆಯೇ. ಆರು ಮಕ್ಕಳನ್ನು ಹೆತ್ತವಳು ಈ ಹಾಡು ಹಾಡಿದಾಗ ಅನುಭವವಿಲ್ಲದ ಮಾತು ಎನ್ನುವ ಹಾಗಿರಲಿಲ್ಲ.

ಹುಟ್ಟಿದ ಮನೆಯನ್ನು ಹಾಡಾಗಿಸಿದ 'ಕೋಲ್ ಮೈನರ್ಸ್ ಡಾಟರ್' 1970ರಲ್ಲಿ ಬಂತು. ಆಕೆ ಬರೆದ ನುಡಿಗಳು ಇನ್ನೂ ಇದ್ದವು. ಉದ್ದವಾಯಿತೆಂದು ಬ್ರ್ಯಾಡ್ಲಿ ಕೆಲವನ್ನು ತೆಗೆಸಿದ. ಎರಡೇ ವರ್ಷದಲ್ಲಿ, 1972ರಲ್ಲಿ, ಕಂಟ್ರಿ ಮ್ಯೂಸಿಕ್ ಅಸೋಸಿಯೇಶನ್‌ನ 'ವರ್ಷದ ಮನರಂಜಕಿ' ಪ್ರಶಸ್ತಿ ಬಂತು. ಅದನ್ನು ಪಡೆದ ಮೊದಲ ಹೆಣ್ಣು ಆಕೆ. ಹಾಡಿನ ಹೆಸರಲ್ಲೇ 1976ರಲ್ಲಿ ಆತ್ಮಕಥೆ, 1980ರಲ್ಲಿ ಸಿನಿಮಾ. ಲೊರೆಟ್ಟಾಳ ಪಾತ್ರಕ್ಕೆ ಹಾಡುಗಳನ್ನೂ ತಾನೇ ಹಾಡಿದ ಸಿಸ್ಸಿ ಸ್ಪೇಸೆಕ್‌ಗೆ ಆಸ್ಕರ್ ದೊರೆಯಿತು.

ಆತ್ಮಕಥೆಯಲ್ಲೂ ಸಿನಿಮಾದಲ್ಲೂ ಮದುವಣಗಿತ್ತಿಗೆ ವಯಸ್ಸು ಹದಿಮೂರು. 2012ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಜನನ ದಾಖಲೆ ಹುಡುಕಿ ತೆಗೆದಾಗ ಅದು ಹದಿನೈದು ಎಂದು ತಿಳಿಯಿತು. ಅಷ್ಟೊಂದು ಕಷ್ಟ ನಿಜವಾಗಿ ಉಂಡವಳ ಕಥೆಗೂ ಎರಡು ವರ್ಷದ ಒಗ್ಗರಣೆ ಬಿದ್ದಿತ್ತು. ಜಾರ್ಜ್ ಹೇ ಬದುಕಿದ್ದರೆ ಬೇಸರಪಡುತ್ತಿರಲಿಲ್ಲ.

2004ರಲ್ಲಿ, 72ರ ವಯಸ್ಸಿನಲ್ಲಿ, ಮಗನ ಪ್ರಾಯದ ರಾಕ್ ಸಂಗೀತಗಾರ ಜ್ಯಾಕ್ ವೈಟ್ ಜೊತೆಗೂಡಿ ಆಕೆ 'ವ್ಯಾನ್ ಲಿಯರ್ ರೋಸ್' ಎಂಬ ಆಲ್ಬಮ್ ಹೊರತಂದಳು. ಅದಕ್ಕೆ ಎರಡು ಗ್ರ್ಯಾಮಿ ಬಂದವು. 2022ರ ಅಕ್ಟೋಬರ್ 4ರಂದು ಟೆನೆಸೀಯ ಹರಿಕೇನ್ ಮಿಲ್ಸ್‌ನ ಮನೆಯಲ್ಲಿ ನಿಧನಳಾದಳು. ಬಿಳಿ ಕಂಬಗಳ ಆ ದೊಡ್ಡ ಬಂಗಲೆಯನ್ನು ದಂಪತಿ ಕೊಂಡದ್ದು 1966ರಲ್ಲಿ. ಅದೇ ಜಮೀನಿನಲ್ಲಿ ಬುಚರ್ ಹಾಲೋ ಮನೆಯ ಪ್ರತಿಕೃತಿಯನ್ನೂ ಒಂದು ತೋರಿಕೆಯ ಗಣಿಯನ್ನೂ ಕಟ್ಟಿಸಿದ್ದಾರೆ, ನೋಡಲು ಬರುವ ಪ್ರವಾಸಿಗಳಿಗಾಗಿ.